ಮಗುಚದ ಅಂಗೈ

ಚನ್ನರಾಯಪಟ್ಟಣ
ತಾ. ೧೨-೧೧-೧೯೪೫

ಚಿ. ಚಂದ್ರಶೇಖರಯ್ಯನಿಗೆ ಸೋದರಮಾವ ಚನ್ನಬಸವಯ್ಯನ ಆಶೀರ್ವಾದ.

ಮೊದಲು ಲೆಕ್ಕ, ಆಮೇಲೆ ಕ್ಷೇಮಸಮಾಚಾರ. ನಿನ್ನ ಕೈಯ ಪಿಂಚಣಿಯ ಬಾಬ್ತು ಇದುವರೆಗೆ ಆದ ಖರ್ಚು ಹೀಗಿದೆ. ಅರ್ಜಿ ಬರೆದವನಿಗೆ ಎರಡು ರೂಪಾಯಿ. ಅದನ್ನು ಇಂಗ್ಲಿಷಿಗೆ ತಿರುಗಿಸಿದವನಿಗೆ ಮೂರು. ಹಾಸನಕ್ಕೆ ನಾಲ್ಕು ಸಲ ಹೋಗಿ ಬಂದ ಬಸ್ ಚಾರ್ಜು ಆರು ರೂಪಾಯಿ. ಅದೂ ಇದ್ದಿಲ ಗ್ಯಾಸಿನ ಬಸ್ಸು, ಏರು ಬಂದಾಗಲೆಲ್ಲ ಇಳಿದು ತಳ್ಳಿದ್ದಕ್ಕೆ ನನಗೆ ಯಾರೂ ಕೂಲಿ ಕೊಡಲಿಲ್ಲ. ಕಛೇರಿಯ ಜವಾನನಿಗೆ ಎಂಟಾಣೆ. ಗುಮಾಸ್ತ ಗುಂಡಯ್ಯನವರ ಮನೆಗೆ ಒಂದು ಚೀಲ ತೆಂಗಿನಕಾಯಿ, ಮಂಡಿ ಧಾರಣೆಯಲ್ಲಿ ಎಂಟು ರೂಪಾಯಿ, ಇದಕ್ಕೆ ರಸೀದಿ ಇಲ್ಲ. ಒಟ್ಟು ಹತ್ತೊಂಬತ್ತೂವರೆ. ಇಷ್ಟಕ್ಕೆ ಪ್ರತಿಯಾಗಿ ಬಂದದ್ದು ಒಂದು ಕಾರ್ಡು: ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.’

ವಸೂಲಿಗೆ ಬರೆದದ್ದಲ್ಲ, ಹೆದರಬೇಡ. ನೀನು ನನ್ನ ಅಕ್ಕನ ಮಗ. ಆದರೆ ತಲೆಯ ಮೇಲೆ ಕಾಯಿ ಹೊತ್ತು ಮಾರಿ ಕೊಬ್ಬರಿ ಮಂಡಿ ಇಟ್ಟವನು ನಾನು. ಹೋದ ಕಾಸು ಎಲ್ಲಿ ಕೂತಿದೆ ಎಂದು ಬರೆದಿಡದಿದ್ದರೆ ನಿದ್ದೆ ಹತ್ತುವುದಿಲ್ಲ.

ಬರುವಾಗ ಹೊಳೆನರಸೀಪುರದಲ್ಲಿ ಇಳಿದು ನಿನ್ನ ಮಾವ ಪರಮಶಿವಯ್ಯನವರ ಬಟ್ಟೆ ಅಂಗಡಿಗೆ ಹೋದೆ. ದಂಡಿನಿಂದ ಅಳಿಯ ಬಂದು ಇಷ್ಟು ತಿಂಗಳಾಯಿತು, ಮಗಳನ್ನು ಯಾವಾಗ ಕಳಿಸುತ್ತೀರಿ ಎಂದು ನೇರವಾಗಿಯೇ ಕೇಳಿದೆ.

“ಕೈ ಊನ ಆಯ್ತು ಅಂತ ನಾನೇನೂ ಅಂದಿಲ್ಲ ಕಣ್ರೀ ಚನ್ನಬಸವಯ್ನೋರೇ. ಲಾರಿ ಓಡಿಸ್ತಿದ್ದ ಹುಡುಗ, ಇನ್ನು ಓಡ್ಸಂಗಿಲ್ಲ. ಊಟಕ್ಕೆ ದಾರಿ ಏನು ಅಂತ ಹೆತ್ತವನು ಕೇಳ್ಬಾರ್ದಾ? ಸರ್ಕಾರದ ಕಾಗದ ಬರ್ಲಿ. ಬಂದ ದಿನವೇ ಗಾಡಿ ಕಟ್ಟಿಸ್ತೀನಿ.”

“ಬರ್ದೇ ಇದ್ರೆ?”

ಅವರು ಪಂಚೆ ಮಡಿಸುತ್ತಿದ್ದರು. ಉತ್ತರವನ್ನೂ ಅದರೊಳಗೆ ಸೇರಿಸಿ ಮಡಿಸಿಬಿಟ್ಟರು.

ಕಮಲಾಕ್ಷಮ್ಮ ಮಜ್ಜಿಗೆ ತಂದುಕೊಟ್ಟಳು. ಲೋಟ ಖಾಲಿಯಾದ ಮೇಲೂ ನಿಂತೇ ಇದ್ದಳು. ನೀನು ಅವಳಿಗೆ ಎರಡು ಸಾಲು ಬರೆ. ಬಲಗೈ ನೆಟ್ಟಗಿದೆಯಲ್ಲ?

ಅಕ್ಕ ಗುರುಸಿದ್ದಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ಚನ್ನಬಸವಯ್ಯ


ಅರಕಲಗೂಡು
ತಾ. ೩೦-೧೧-೧೯೪೫

ಪೂಜ್ಯ ಮಾವನವರಿಗೆ ಚಂದ್ರಶೇಖರಯ್ಯನ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ಅಂಚೆಯ ಹುಚ್ಚಯ್ಯ ದೂರದಿಂದಲೇ ಅದನ್ನು ಎತ್ತಿ ತೋರಿಸಿದಾಗ ಪಿಂಚಣಿಯದೇ ಎಂದುಕೊಂಡು ಓಡಿದೆ. ತಮ್ಮ ಅಕ್ಷರ ನೋಡಿ ಬೇಸರವಾಯಿತು ಎಂದರೆ ತಪ್ಪಾಗುತ್ತದೆ, ಆದರೆ ಆಯಿತು.

ಮನೆಯಲ್ಲಿ ಕೂರಲು ಆಗುತ್ತಿಲ್ಲ. ಹೊಗೆಸೊಪ್ಪಿನ ಹೊಲಕ್ಕೆ ಹೋದರೆ, ಈಗ ಅಂಚೆ ಬಂದಿರಬಹುದು ಎಂದು ಅರ್ಧ ಕೆಲಸಕ್ಕೆ ವಾಪಸು ಬರುತ್ತೇನೆ. ಅಂಚೆ ಕಛೇರಿಯಲ್ಲಿ ನಿಂತರೆ, ಹೊಲದಲ್ಲಿ ಕೂಲಿಯವರು ಏನು ಮಾಡುತ್ತಿದ್ದಾರೋ ಎಂದು ಅತ್ತ ಹೊರಡುತ್ತೇನೆ. ಹುಚ್ಚಯ್ಯನಿಗೂ ಸಾಕಾಗಿದೆ.

“ಇವತ್ತೂ ಇಲ್ಲ ಕಣ್ಲಾ ಮಿಲ್ಟ್ರಿ. ಇದ್ರೆ ನಾನೇ ಕೂಗ್ಕಂಡು ಬರಾಕಿಲ್ವಾ? ನೀನಿಂಗೆ ಬಾಗಿಲಲ್ಲಿ ನಿಂತ್ರೆ ಬರೋ ಕಾಗ್ದಾನೂ ಎದ್ರಿಕೊಂಡು ಇಂದಕ್ಕೆ ಓಯ್ತದೆ” ಅಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ಊರಿನವರಿಗೆ ಈ ಕೈ ಅರ್ಥವಾಗುವುದಿಲ್ಲ. ಇಂಫಾಲದ ದಾರಿಯಲ್ಲಿ ಲಾರಿ ಕಂದಕಕ್ಕೆ ಉರುಳಿತು, ಎಡ ಮುಂಗೈಯ ಎರಡೂ ಮೂಳೆ ಮುರಿದವು, ಡೇರೆಯಲ್ಲಿ ಕಟ್ಟಿದ ಕಟ್ಟಿನಲ್ಲೇ ಎರಡೂ ಮೂಳೆ ಒಂದಾಗಿ ಬೆಸೆದುಕೊಂಡವು. ಐದು ಬೆರಳೂ ಇವೆ, ಮಡಚುತ್ತವೆ. ಅಂಗೈ ಮಾತ್ರ ಯಾವಾಗಲೂ ನೆಲ ನೋಡುತ್ತಿರುತ್ತದೆ, ಮೇಲಕ್ಕೆ ಮಗುಚುವುದಿಲ್ಲ. “ಐದೂ ಬೆರಳು ಅವಲ್ಲಪ್ಪ, ಅದೃಷ್ಟವಂತ” ಅನ್ನುತ್ತಾರೆ. ಒಂದು ಬೆರಳು ಹೋಗಿದ್ದರೆ ತೋರಿಸಲು ಸುಲಭವಾಗುತ್ತಿತ್ತು.

ಅವಳಿಗೆ ಬರೆ ಅಂದಿದ್ದೀರಿ. ಏನೆಂದು ಬರೆಯಲಿ? ನಾನು ಪರಿಶೀಲನೆಯಲ್ಲಿದ್ದೇನೆ ಎಂದು ಬರೆಯಲೇ?

ತಮ್ಮ,
ಚಂದ್ರಶೇಖರಯ್ಯ


ಚನ್ನರಾಯಪಟ್ಟಣ
ತಾ. ೨೦-೧-೧೯೪೬

ಚಿ. ಚಂದ್ರಶೇಖರಯ್ಯನಿಗೆ ಆಶೀರ್ವಾದ.

ಮೊನ್ನೆ ಹಾಸನಕ್ಕೆ ಹೋಗಿದ್ದೆ. ಗುಂಡಯ್ಯನವರು ಎರಡನೆಯ ಚೀಲ ತೆಂಗಿನಕಾಯಿ ಒಳಗೆ ಹೋದ ಮೇಲೆ ಮೊದಲನೆಯ ಸಲ ನಿನ್ನ ಕಡತ ಬಿಚ್ಚಿದರು. ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿದ ಡಾಕ್ಟರುಗಳ ಕಾಗದವನ್ನು ಓದಿ ಅರ್ಥ ಹೇಳಿದರು.

“ಈ ಕೈಯಲ್ಲಿ ಏನು ಮಾಡಲಾಗದು ಅಂತ ಕೇಳಿದಾರೆ. ಲಿಂಗಪೂಜೆ ಮಾಡಲಾಗದು ಅಂದಿದಾನೆ. ಬೇರೆ ಏನಾದ್ರೂ ಅಂತ ಕೇಳಿದಾರೆ. ಸುಮ್ಮನಿದ್ದ ಅಂತ ಬರೆದಿದೆ.”

“ಸುಮ್ಮನಿದ್ನಾ?”

“ಸುಮ್ಮನಿದ್ದ. ಅದಕ್ಕೇ ಧಾರ್ಮಿಕ ಆಚರಣೆಗೆ ಮಾತ್ರ ತೊಂದರೆ ಅಂತ ಹಾಕಿ, ಊನ ನೂರಕ್ಕೆ ಹತ್ತು ಅಂದಿದಾರೆ. ಇಪ್ಪತ್ತು ಇಲ್ಲದೆ ಪಿಂಚಣಿ ಇಲ್ಲ. ಅಲ್ಲಾ ಯಜಮಾನರೇ, ಪೂಜೆ ಬಲಗೈಲಿ ತಾನೇ ಮಾಡೋದು? ಎಡಗೈ ಹೇಗಿದ್ರೇನು?”

ಅವರಿಗೆ ಏನು ಗೊತ್ತು! ನಾವು ಎದೆಯ ಮೇಲಿನ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳುತ್ತೇವೆ, ನಮಗೆ ಆ ಅಂಗೈಯೇ ಗುಡಿ, ಅದು ಮೇಲೆ ನೋಡದಿದ್ದರೆ ಗುಡಿಗೆ ನೆಲವೇ ಇಲ್ಲದ ಹಾಗೆ ಎಂದು ನನ್ನ ಕೈ ಚಾಚಿ ತೋರಿಸಿದೆ. ಅವರು ಕನ್ನಡಕ ತೆಗೆದು ನನ್ನ ಅಂಗೈಯನ್ನೇ ನೋಡಿದರು. “ನನಗೆ ಅರ್ಥ ಆಯ್ತು. ಆದರೆ ಇಲ್ಲಿ ಅದಕ್ಕೆ ಕಾಲಂ ಇಲ್ಲ” ಅಂದರು.

ಅಯ್ಯಾ ಪುಣ್ಯಾತ್ಮ, ನೀನು ಲಾರಿ ಡ್ರೈವರು! ಸ್ಟೇರಿಂಗು ತಿರುಗಿಸಲಾಗದು, ಸ್ಪ್ಯಾನರು ತಿರುಗಿಸಲಾಗದು, ಮೂಟೆಗೆ ಅಡಿಯಿಂದ ಕೈ ಕೊಡಲಾಗದು, ಹೊಗೆಸೊಪ್ಪನ್ನು ಅಂಗೈಯಲ್ಲಿಟ್ಟು ಒಣಹಾಕುವ ಕಡ್ಡಿಗೆ ಕಟ್ಟಲಾಗದು. ಇಷ್ಟು ಹೇಳಲು ಎಷ್ಟು ಹೊತ್ತು? ನಮ್ಮ ಜಾತಿಯವನಲ್ಲದೆ ಇಂಥ ತಪ್ಪನ್ನು ಇನ್ಯಾರೂ ಮಾಡುತ್ತಿರಲಿಲ್ಲ. ಶಿವನ ಹೆಸರು ಹೇಳಿ ಪಿಂಚಣಿ ಕಳೆದುಕೊಂಡೆ.

ಇನ್ನೊಂದು ಸಲ ಪರೀಕ್ಷೆ ಮಾಡಬೇಕೆಂದು ಅರ್ಜಿ ಹಾಕಿಸಿದ್ದೇನೆ. ಮೇಲೆ ಹೇಳಿದ ಕೆಲಸಗಳನ್ನು ಬಾಯಿಪಾಠ ಮಾಡು. ಡಾಕ್ಟರು ಕೇಳಿದ ಕೂಡಲೇ ಮೊದಲು ಸ್ಟೇರಿಂಗು. ಪೂಜೆಯ ಮಾತೇ ಬೇಡ.

ಇತಿ,
ಚನ್ನಬಸವಯ್ಯ


ಅರಕಲಗೂಡು
ತಾ. ೨-೨-೧೯೪೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಅವರು ಕೇಳಿದರು. ಬಾಯಿಗೆ ಬಂದದ್ದು ಅದೊಂದೇ. ಉಳಿದದ್ದು ಯಾವುದೂ ಆಗ ನೆನಪಿಗೆ ಬರಲಿಲ್ಲ.

ಇದನ್ನು ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಸೇರಿದಂದಿನಿಂದ ನಾನು ಪೂಜೆ ಮಾಡಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಸುಮ್ಮನೆ ಕೂರುತ್ತೇನೆ. ಪೂಜೆಗೆ ಹಿಡಿಯುವಷ್ಟು ಹೊತ್ತು ಕೂತು ಹೊರಗೆ ಬರುತ್ತೇನೆ. ಅವ್ವ “ಆಯ್ತೇನಪ್ಪಾ?” ಅನ್ನುತ್ತಾಳೆ. “ಆಯ್ತು” ಅನ್ನುತ್ತೇನೆ. ಬಡಿಸುತ್ತಾಳೆ, ಉಣ್ಣುತ್ತೇನೆ. ಪೂಜೆಯಿಲ್ಲದೆ ಬಾಯಿಗೆ ನೀರು ಹಾಕದ ಮನೆ ನಮ್ಮದು. ಆ ತುತ್ತು ಹೇಗೆ ಇಳಿಯುತ್ತದೆ ಎಂದು ಬರೆಯಲು ಬರುವುದಿಲ್ಲ.

ಅವ್ವನ ಮುಂದೆ ಬಾಗಿಲು ಹಾಕಿಕೊಳ್ಳಬಹುದು. ಹೆಂಡತಿ ಬಂದರೆ, ಅವಳ ಮುಂದೆ ಎಷ್ಟು ದಿನ ಹಾಕಿಕೊಳ್ಳಲಿ? ಕಾಗದ ಬರುವವರೆಗೆ ಕಳಿಸುವುದಿಲ್ಲ ಎಂದು ಅವರಪ್ಪ ಅಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಯಾರಿಗೂ ಹೇಳಬೇಡಿ. ಡಾಕ್ಟರ ಮುಂದೆ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಚಂದ್ರಶೇಖರಯ್ಯ


ಹೊಳೆನರಸೀಪುರ
ತಾ. ೧೮-೪-೧೯೪೬

ಪೂಜ್ಯ ಚನ್ನರಾಯಪಟ್ಟಣದ ಮಾವನವರಿಗೆ ಕಮಲಾಕ್ಷಮ್ಮ ಮಾಡುವ ಶರಣು.

ಯಾರಿಗೂ ಹೇಳಬೇಡಿ ಎಂದು ಅವರು ಬರೆದದ್ದನ್ನು ನೀವು ಹೋದ ವಾರ ನಮ್ಮ ಪಡಸಾಲೆಯಲ್ಲಿ ಕೂತು ನನಗೆ ಹೇಳಿದಿರಿ. ಹೆಂಡತಿ ಯಾರೋ ಅಲ್ಲವಲ್ಲ ಎಂದೂ ಅಂದಿರಿ. ನಾಲ್ಕು ವರ್ಷದ ಹಿಂದೆ ಮದುವೆಯಾದ ಮೇಲೆ ನಾನು ಆ ಮನೆಯಲ್ಲಿದ್ದದ್ದು ಒಂದು ಮಳೆಗಾಲ. ಆಮೇಲೆ ಅವರು ದಂಡಿಗೆ ಹೋದರು. ಅವರು ನನಗೆ ಬರೆಯದಿರುವುದಕ್ಕೆ ನಾನು ಏನೇನೋ ಕಾರಣ ಕಟ್ಟಿಕೊಂಡಿದ್ದೆ. ಒಂದೂ ಇದಲ್ಲ.

ನೀವು ಹೋದ ಮಾರನೆಯ ದಿನ ಮಠಕ್ಕೆ ಹೋದೆ. ಅಯ್ನೋರು ದನಕ್ಕೆ ಹುಲ್ಲು ಹಾಕುತ್ತಿದ್ದರು. ಯಾರ ವಿಷಯವೆಂದು ಹೇಳದೆ, ಒಬ್ಬರಿಗೆ ಹೀಗಾಗಿದೆ ಎಂದು ಕೇಳಿದೆ.

“ಆ ಕೈ ಎತ್ತಾಗೆ ನೋಡ್ತದವ್ವ?”

“ಕೆಳಕ್ಕೇ ಬುದ್ಧಿ. ಮೇಲಕ್ಕೆ ತಿರುಗಾಕಿಲ್ಲ.”

“ಬೆರಳು ಮಡಚ್ತವಾ? ಪತ್ರೆ ಹಿಡಿಯಾಕೆ ಆಯ್ತದಾ?”

“ಆಯ್ತದೆ.”

“ಪತ್ರೆ ಹಾಕೋ ಕೈ ಕೆಳಗೆ ನೋಡ್ದೆ ಇನ್ನೆತ್ತಾಗೆ ನೋಡ್ಬೇಕು? ಲಿಂಗನ ಬಲ ಅಂಗೈಲಿ ಇಟ್ಕಳ್ಳಾಕೆ ಹೇಳು. ಎಡಗೈಲಿ ಪತ್ರೆ ಹಾಕ್ಲಿ. ಊನ ಆದೋನು ತನ್ಗೆ ಆದಂಗೆ ಮಾಡ್ತಾನೆ, ಅದ್ಕೆ ಶಿವ ಮುನಿಸ್ಕೊಳ್ಳಾಕಿಲ್ಲ. ಇಷ್ಟು ದಿನ ನಿನ್ನ ಗಂಡ ಯಾಕೆ ಬಂದು ಕೇಳ್ಲಿಲ್ಲ?”

ಯಾರ ವಿಷಯವೆಂದು ನಾನು ಹೇಳಿರಲೇ ಇಲ್ಲ! “ಪಿಂಚಣಿಗೆ ಕಾಯ್ತಾವ್ರೆ ಬುದ್ಧಿ” ಅಂದೆ. ಅಯ್ನೋರು ಹುಲ್ಲಿನ ಹೊರೆಯ ಮೇಲೆ ಕೂತು ನಕ್ಕರು. “ಪೂಜೆಗೂ ಹಾಸನದಿಂದ್ಲೇ ಅಪ್ಪಣೆ ಆಗ್ಬೇಕಾ?”

ಇದನ್ನು ಅವರಿಗೆ ಬರೆದು ತಿಳಿಸಲೇ, ಹೋಗಿ ಹೇಳಲೇ? ವ್ಯವಹಾರ ಬಲ್ಲವರು ನೀವು. ಬೇಗ ಬರೆಯಿರಿ.

ಕಮಲಾಕ್ಷಮ್ಮ


ಚನ್ನರಾಯಪಟ್ಟಣ
ತಾ. ೨೪-೪-೧೯೪೬

ಸೌ. ಕಮಲಾಕ್ಷಮ್ಮನಿಗೆ ಆಶೀರ್ವಾದ.

ತಾಯಿ, ಈ ಕಾಗದ ತಲುಪುವವರೆಗೆ ಏನೂ ಮಾಡಿರಬೇಡ. ಬರೆಯಲೂಬೇಡ, ಹೋಗಲೂಬೇಡ.

ಲೆಕ್ಕ ಹೇಳುತ್ತೇನೆ, ನೀನು ಅಂಗಡಿಯವರ ಮಗಳು, ತಿಳಿಯುತ್ತದೆ. ಸರ್ಕಾರದ ಕಡತದಲ್ಲಿ ನಿನ್ನ ಗಂಡನ ಊನ ಅಂತ ಇರುವುದು ಒಂದೇ: ಪೂಜೆ ಮಾಡಲಾಗದು. ಆ ಒಂದಕ್ಕೆ ನೂರಕ್ಕೆ ಹತ್ತು ಹಾಕಿದ್ದಾರೆ. ಅದನ್ನು ಹೇಗಾದರೂ ಎಳೆದು ಇಪ್ಪತ್ತಕ್ಕೆ ತರಬೇಕೆಂದು ನಾನು ಬಸ್ಸು ತಳ್ಳುತ್ತಿದ್ದೇನೆ. ಈಗ ಅವನು ಪೂಜೆ ಮಾಡತೊಡಗಿದ ಅಂತಿಟ್ಟುಕೋ. ಯಾರೋ ಒಬ್ಬ ಹಾಸನದಲ್ಲಿ ಬಾಯಿ ಬಿಟ್ಟ. ಹತ್ತರಲ್ಲಿ ಹತ್ತು ಹೋದರೆ ಎಷ್ಟು ಉಳಿಯಿತು? ನಿಮ್ಮಪ್ಪ ಆಗ ಗಾಡಿ ಕಟ್ಟಿಸುತ್ತಾರೆಯೇ?

ಮರುಪರೀಕ್ಷೆ ಮಳೆಗಾಲದಲ್ಲಿ ಆಗಬಹುದೆಂದು ಗುಂಡಯ್ಯನವರು ಹೇಳಿದ್ದಾರೆ. ಅಲ್ಲಿಯವರೆಗೆ ಅಯ್ನೋರ ಮಾತು ನಿನ್ನ ಸೆರಗಿನಲ್ಲೇ ಇರಲಿ. ಶಿವನು ಎರಡು ವರ್ಷ ತಡೆದವನು, ಇನ್ನು ಮೂರು ತಿಂಗಳಿಗೆ ಬಡ್ಡಿ ಕೇಳುವವನಲ್ಲ. ಸರ್ಕಾರ ಹಾಗಲ್ಲ.

ನಾನು ಹೇಳುವುದು ಒರಟಾಗಿದೆ, ನನಗೂ ಗೊತ್ತು. ವ್ಯಾಪಾರದಲ್ಲಿ ಸರಕು ಕೈ ಸೇರುವ ಮುಂಚೆ ಬಾಯಿ ತೆರೆದವನು ಕೆಟ್ಟ.

ಇತಿ,
ಚನ್ನಬಸವಯ್ಯ


ಅರಕಲಗೂಡು
ತಾ. ೧೦-೫-೧೯೪೬

ಪೂಜ್ಯ ಮಾವನವರಿಗೆ ಶರಣು.

ಮೇಲೆ ಬರೆದಿರುವ ಊರಿನ ಹೆಸರು ನೋಡಿ ನೀವು ತಲೆಯ ಮೇಲೆ ಕೈ ಇಟ್ಟುಕೊಂಡಿರುತ್ತೀರಿ. ನಿಮ್ಮ ಕಾಗದ ತಲುಪಿತು. ಎರಡು ಸಲ ಓದಿದೆ. ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದ ಕೂಡಲೇ, ಈಗ ಅವರು ಬಾಗಿಲು ಹಾಕಿಕೊಂಡಿರುತ್ತಾರೆ ಎಂದು ನೆನಪಾಗುತ್ತಿತ್ತು. ಅಡಿಗೆ ಸೀದುಹೋಗುತ್ತಿತ್ತು. ಹತ್ತು ದಿನ ತಡೆದೆ.

ನಾನು ಗಂಟು ಹಿಡಿದು ಹೊರಟಾಗ ಅಪ್ಪ ಅಂಗಡಿಯಲ್ಲಿದ್ದರು.

“ಕಾಗದ ಬಂತೇನವ್ವ?”

“ಇಲ್ಲಪ್ಪ.”

“ಮತ್ತೆಲ್ಲಿಗೆ ಹೊರಟೆ?”

“ಕಾಗದ ಎಲ್ಲಿಗೆ ಬರ್ತದೋ ಅಲ್ಲಿಗೆ.”

ಅಪ್ಪ ಗಜಕೋಲು ಕೆಳಗಿಟ್ಟರು. ಬಸ್ಸಿನವರೆಗೆ ಗಂಟು ಹೊತ್ತು ತರಲು ಅಂಗಡಿಯ ಆಳನ್ನು ಕಳಿಸಿದರು.

ಇಲ್ಲಿ ಅತ್ತೆಯವರು ಬಾಗಿಲಲ್ಲೇ ರಾಗಿ ಕೇರುತ್ತಿದ್ದರು. “ಬಂದ್ಯಾ? ಒಳೀಕೆ ಬಾ. ಅವ್ನು ಅಂಚೆ ತಾವ ಅವ್ನೆ, ಬತ್ತಾನೆ” ಅಂದರು, ನಾನು ಬಾವಿಗೆ ಹೋಗಿ ಬಂದವಳ ಹಾಗೆ.

ಅವರು ಬಂದರು. ನನ್ನನ್ನು ನೋಡಿ ಮೊದಲು ಅಂದದ್ದು, “ಪಿಂಚಣಿ ಬಂದಿಲ್ಲ.”

“ಗೊತ್ತು” ಅಂದೆ.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಕೋಣೆಗೆ ಹೋಗುವಾಗ ಅಯ್ನೋರ ಮಾತನ್ನು ಹೇಳಿದೆ. ನನಗೆ ಯಾರು ಹೇಳಿದರೆಂದು ಕೇಳಲಿಲ್ಲ. ನನ್ನನ್ನು ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆಯವರು ಹೊಸ್ತಿಲಿಂದ ಕೂಗಿದರು: “ಇದೇನ್ಲಾ ಇವತ್ತು ಇಷ್ಟೊತ್ತು? ಮುದ್ದೆ ಆರೋಯ್ತು!”

ಬಾಗಿಲು ತೆರೆದಾಗ ನೋಡಿದರೆ ಪತ್ರೆಯೆಲ್ಲ ನೆಲದ ಮೇಲೆ ಬಿದ್ದಿತ್ತು. ಅಭ್ಯಾಸವಿಲ್ಲದ ಕೈ. ಅವರು ಆರಿದ ಮುದ್ದೆಯನ್ನೇ ಉಂಡರು, ಇನ್ನೊಂದು ಕೇಳಿದರು. ಅತ್ತೆಯವರು ನನ್ನ ಮುಖ ನೋಡಿದರು. ನಾನು ಪತ್ರೆ ಆಯಲು ಹೋದೆ.

ನಿಮ್ಮ ಮಾತು ಮೀರಿದ್ದೇನೆ. ಪಿಂಚಣಿ ತಪ್ಪಿದರೆ ನನ್ನ ಹೆಸರಿಗೆ ಬರೆದುಕೊಳ್ಳಿ.

ಕಮಲಾಕ್ಷಮ್ಮ


ಅರಕಲಗೂಡು
ತಾ. ೨-೮-೧೯೪೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಮೊನ್ನೆ ಹಾಸನದಲ್ಲಿ ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ನಿಮ್ಮ ಮುಖ ನೋಡಿ ಏನೂ ಹೇಳಲಾಗಲಿಲ್ಲ. “ಮೊದಲು ಸ್ಟೇರಿಂಗು ಅಂದ್ಯಾ?” ಎಂದು ಬಸ್ಸಿನಲ್ಲೆಲ್ಲ ಕೇಳುತ್ತಿದ್ದಿರಿ. ಇಲ್ಲ ಮಾವ. ಮೊದಲು ಅದನ್ನು ಹೇಳಲಿಲ್ಲ.

ಡಾಕ್ಟರು ಹಳೆಯ ಕಾಗದ ಓದಿ ಏನೋ ಕೇಳಿದರು. ದುಭಾಷಿ ನನ್ನ ಕಡೆ ತಿರುಗಿ, “ಪೂಜೆ ಮಾಡಾಕಾಗಾಕಿಲ್ಲ ಅಂದಿದ್ದೀಯಲ್ಲಪ್ಪ, ಈಗ್ಲೂ ಅಂಗೇನಾ?” ಅಂದ.

ಬಾಗಿಲ ಹೊರಗೆ ನೀವು ಕೆಮ್ಮಿದ್ದು ಕೇಳಿಸಿತು.

“ಇಲ್ಲ ಸಾ. ಅದು ಈಗ ಮಾಡ್ತೀನಿ. ಕೈ ಅದಲುಬದಲು ಮಾಡ್ಕೊಂಡಿದ್ದೀನಿ.”

ದುಭಾಷಿ ನನ್ನನ್ನೇ ನೋಡಿದ. “ಯೋಚ್ನೆ ಮಾಡಿ ಏಳು. ಬರ್ಕೊಂಬಿಡ್ತಾರೆ.”

“ಬರ್ಕೊಳ್ಲಿ ಸಾ.”

ಡಾಕ್ಟರು ಆ ಸಾಲನ್ನು ಹೊಡೆದುಹಾಕಿದರು. ಆಮೇಲೆ, ಬೇರೆ ಏನಾದರೂ ಉಂಟೋ ಎಂದು ಕೇಳಿಸಿದರು. ಹೋದ ಸಲ ನಾನು ಸುಮ್ಮನಾದದ್ದು ಇದೇ ಮಾತಿಗೆ. ಈ ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ನೀವು ಕಲಿಸಿದ ಕ್ರಮದಲ್ಲಿ ಬರಲಿಲ್ಲ ಮಾವ, ಬಂದ ಹಾಗೆ ಹೇಳಿದೆ. ಅಂಗಡಿಯವನು ಚಿಲ್ಲರೆ ಕೊಟ್ಟರೆ ಕೆಳಗೆ ಬೀಳುತ್ತದೆ. ತುಂಬಿದ ಕೊಡವನ್ನು ಅಡಿಯಿಂದ ಹಿಡಿಯಲಾಗದು. ಲಾರಿಯ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಬೇಕಾದರೆ ಕೈ ನಡುವೆಯೇ ನಿಲ್ಲುತ್ತದೆ, ಘಾಟಿಯಲ್ಲಿ ಹಾಗೆ ನಿಂತರೆ ಹಿಂದೆ ಕೂತವರು ಉಳಿಯುವುದಿಲ್ಲ. ಲಾರಿ ಉರುಳಿದ ದಿನ ನನ್ನ ಹಿಂದೆ ಇಬ್ಬರು ಕೂತಿದ್ದರು. ಅದನ್ನೂ ಹೇಳಿದೆ. ಅದು ಅವರು ಕೇಳಿದ್ದಲ್ಲ.

ದುಭಾಷಿ, “ತಡಿಯಪ್ಪಾ ತಡಿ, ನಾನು ಇಂಗ್ಲಿಷ್ನಲ್ಲಿ ಏಳ್ಬೇಕಲ್ಲ” ಅಂದ. ಡಾಕ್ಟರು ಎದ್ದು ಬಂದು, ಬಿಗಿದುಹೋದ ನಲ್ಲಿಯನ್ನು ತಿರುಗಿಸುವ ಹಾಗೆ ನನ್ನ ಮುಂಗೈಯನ್ನು ತಾವೇ ತಿರುಗಿಸಿ ನೋಡಿದರು. ನೋವಿನಿಂದ ಕೂಗಿದೆ. ಬಹಳ ಹೊತ್ತು ಬರೆದರು. ಏನು ಬರೆದರೋ ತಿಳಿಯದು.

ತೀರ್ಪು ತಿಳಿಸುತ್ತೇವೆ ಅಂದರು. ಮತ್ತೆ ಕಾಯುವುದು. ಅಂಚೆಯ ಹುಚ್ಚಯ್ಯ, “ಈಗ್ಯಾಕ್ಲಾ ದಿನಾ ಬರಾಕಿಲ್ಲ? ನೀನಿಲ್ದೆ ಬೇಜಾರು” ಅಂದ. ಬರುತ್ತೇನೆ, ಆದರೆ ಹೊಲದ ಕೆಲಸ ಮುಗಿಸಿ ಬರುತ್ತೇನೆ. ಕಮಲಾಕ್ಷಮ್ಮ ಹೊಗೆಸೊಪ್ಪಿನ ಎಲೆ ಕೊಡುತ್ತಾಳೆ, ನಾನು ಕಟ್ಟುತ್ತೇನೆ. ನಿಧಾನ. ಆದರೂ ಕಡ್ಡಿ ತುಂಬುತ್ತದೆ.

ನನ್ನ ಮೇಲೆ ಸಿಟ್ಟಿದ್ದರೆ ಬರೆದು ತೀರಿಸಿಕೊಳ್ಳಿ.

ತಮ್ಮ,
ಚಂದ್ರಶೇಖರಯ್ಯ


ಚನ್ನರಾಯಪಟ್ಟಣ
ತಾ. ೧೫-೧೧-೧೯೪೬

ಚಿ. ಚಂದ್ರಶೇಖರಯ್ಯನಿಗೂ ಸೌ. ಕಮಲಾಕ್ಷಮ್ಮನಿಗೂ ಆಶೀರ್ವಾದ.

ಅಪ್ಪಣೆಯಾಗಿದೆ. ನಿನ್ನೆ ಗುಂಡಯ್ಯನವರು ನನ್ನನ್ನು ಕಂಡು ಕುರ್ಚಿಯಿಂದ ಎದ್ದರು. ಅವರು ಏಳುವುದನ್ನು ನಾನು ನೋಡಿದ್ದು ಅದೇ ಮೊದಲು. ಊನ ನೂರಕ್ಕೆ ಮೂವತ್ತು. ತಿಂಗಳಿಗೆ ಆರು ರೂಪಾಯಿ. ಹಿಂಬಾಕಿಯ ವಿಷಯ ಏನೆಂದು ಕೇಳಿದೆ. “ಪರಿಶೀಲನೆಯಲ್ಲಿದೆ” ಅಂದರು. ನಾನು ಎದ್ದು ಬಂದೆ. ಅದಕ್ಕೂ ಚೀಲ ಹೊರುವಷ್ಟು ವಯಸ್ಸು ನನಗಿಲ್ಲ.

ಹೊಳೆನರಸೀಪುರದಲ್ಲಿ ಇಳಿದು ಪರಮಶಿವಯ್ಯನವರಿಗೆ ಸುದ್ದಿ ಮುಟ್ಟಿಸಿದೆ. “ನಾನು ಮೊದ್ಲೇ ಅಂದಿರ್ಲಿಲ್ವಾ, ಬಂದೇ ಬರ್ತದೆ ಅಂತ!” ಅಂದರು. ಅವರು ಅಂದದ್ದು ನನಗೆ ನೆನಪಿಲ್ಲ. ಗಾಡಿ ಕಟ್ಟಿಸುತ್ತಿದ್ದಾರೆ. ಕಳಿಸುವುದಕ್ಕೆ ಮಗಳು ಮನೆಯಲ್ಲಿಲ್ಲ, ಆದ್ದರಿಂದ ತಾವೇ ಕೂತು ಬರುತ್ತಾರಂತೆ. ಸೀರೆಯ ಗಂಟು ಕಂಡೆ. ಬಂದಾಗ ಹಳೆಯದನ್ನು ಎತ್ತಬೇಡಿ. ಮಗಳ ಹಸಿವಿಗೆ ಹೆದರಿದವರು ಅವರು, ಅದರಲ್ಲಿ ತಪ್ಪೇನಿಲ್ಲ.

ಇನ್ನು ಈ ಬಾಬ್ತನ್ನು ಮುಚ್ಚುತ್ತೇನೆ. ಯಾರಿಗೆ ಏನು ಬಂತು ಎಂಬುದು ಹೀಗಿದೆ.

ಗುಂಡಯ್ಯನವರಿಗೆ ಎರಡು ಚೀಲ ತೆಂಗಿನಕಾಯಿ, ನಮ್ಮ ಪೂಜೆಯ ಕ್ರಮದ ಬಗ್ಗೆ ಸ್ವಲ್ಪ ತಿಳುವಳಿಕೆ.

ಬಸ್ಸಿನವನಿಗೆ ಹತ್ತೂವರೆ ರೂಪಾಯಿ, ಬಿಟ್ಟಿ ತಳ್ಳುವ ಆಳು ಒಬ್ಬ.

ಪರಮಶಿವಯ್ಯನವರಿಗೆ, ಬೀದಿಯಲ್ಲಿ ಹೇಳಿಕೊಳ್ಳಲು ಪಿಂಚಣಿ ಬರುವ ಅಳಿಯ.

ಅಕ್ಕ ಗುರುಸಿದ್ದಮ್ಮನಿಗೆ, ಇನ್ನೊಂದು ಮುದ್ದೆ ಕೇಳಿ ಉಣ್ಣುವ ಮಗ.

ನನಗೆ, ನನ್ನ ಬುದ್ಧಿಮಾತು ಕೇಳಿದ್ದರೆ ಏನಾಗುತ್ತಿತ್ತು ಎಂದು ನೀವಿಬ್ಬರೂ ಈವರೆಗೆ ನನ್ನನ್ನು ಕೇಳದಿರುವುದು.

ಚಂದ್ರಶೇಖರಯ್ಯನಿಗೆ, ಬದುಕಿರುವವರೆಗೆ ತಿಂಗಳಿಗೆ ಆರು ರೂಪಾಯಿ.

ಕಮಲಾಕ್ಷಮ್ಮನಿಗೆ, ಆ ಕಾಗದ ಬರುವುದಕ್ಕೆ ಮುಂಚೆಯೇ ಗಂಡನ ಮನೆಯಲ್ಲಿ ಕಳೆದ ಆರು ತಿಂಗಳು.

ಇತಿ,
ಚನ್ನಬಸವಯ್ಯ